ಮಾವನ ತೂಕದ ಪಂದ್ಯ

ತೂಕದಲ್ಲಿ ಮೋಸ ಮಾಡುವವರನ್ನು ನೀವು ಸಂತೆಯಲ್ಲಿ ನೋಡಿರುತ್ತೀರಿ. ಆಸ್ಪತ್ರೆಯಲ್ಲಿ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ಮೋಸಗಾರನನ್ನು ವಾರಕ್ಕೆ ಮೂರು ಸಲ ಮನೆಗೆ ಕರೆದು, ಉಪ್ಪು ಕಮ್ಮಿ ಹಾಕಿದ ಸಾರು ಮಾಡಿ ಬಡಿಸುತ್ತೇನೆ. ಏಕೆಂದರೆ ಅವನು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಬಿದ್ದ ತಮ್ಮ.

ಮಾವನ ಊರು ಅಕ್ಕಿಹೆಬ್ಬಾಳು. ತೋಟಕ್ಕೆ ನೀರೆತ್ತುವ ಮೋಟರು ಸುಟ್ಟುಹೋದರೆ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಕೆಲಸ ಬಹಳ ಅಚ್ಚುಕಟ್ಟು. ಆದರೆ ಅವನು ಮೋಟರುಗಳ ಜೊತೆ ಮಾತಾಡುತ್ತಾನೆ. ರಿಪೇರಿ ಮುಗಿದ ಮೋಟರಿಗೆ ಕುಂಕುಮ ಇಟ್ಟು, ಟೆಂಪೋಗೆ ಹತ್ತಿಸುವಾಗ ಅದರ ತಲೆ ಸವರಿ, "ಓದ್ ಮನೇಲಿ ಚೆನ್ನಾಗಿ ಬಾಳ್ಕೊ ಕಣವ್ವ. ತಿಂಗಳೊಳ್ಗೆ ತಿರ್ಗಾ ಬಂದ್ರೆ ನಾನು ಸೇರಸ್ಕೊಳಾಕಿಲ್ಲ" ಅನ್ನುತ್ತಾನೆ. ಮೋಟರಿನ ಯಜಮಾನ ಹೊಸಬನಾದರೆ, ಇವನ ಕೈಲಿ ಯಾಕಪ್ಪ ರಿಪೇರಿ ಮಾಡಿಸಿದೆ ಎಂದು ಒಂದು ಕ್ಷಣ ಯೋಚನೆಗೆ ಬೀಳುತ್ತಾನೆ.

ಹೀಗಿದ್ದವನಿಗೆ ಎರಡು ವರ್ಷದ ಹಿಂದೆ ಕಾಲು ಊದಿಕೊಂಡಿತು. ಆಮೇಲೆ ಮುಖ. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಎರಡೂ ಕಿಡ್ನಿ ಕೈಕೊಟ್ಟಿವೆ ಅಂದರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅದೂ ಬದುಕಿರುವ ತನಕ. ಅತ್ತೆ ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟರು. ಮಾವ ಮಾತ್ರ ಡಾಕ್ಟರನ್ನು ಕೇಳಿದ ಪ್ರಶ್ನೆ ಒಂದೇ: "ರೀವೈಂಡಿಂಗ್ ಮಾಡಕ್ಕಾಗಲ್ವಾ ಸಾರ್?"

ಕೃಷ್ಣರಾಜಪೇಟೆಯಲ್ಲೇ ಡಯಾಲಿಸಿಸ್ ಮಾಡುತ್ತಾರೆಂದು ತಿಳಿದದ್ದರಿಂದ ಮೈಸೂರಿನ ಓಡಾಟ ತಪ್ಪಿತು. ನಾನು ಪೇಟೆಯಲ್ಲೇ ಶಾಲೆ ಟೀಚರು. ನಮ್ಮ ಮನೆ ಬಸ್ ಸ್ಟ್ಯಾಂಡಿಗೂ ಆಸ್ಪತ್ರೆಗೂ ನಡುವೆ ಇದೆ. ಹಾಗಾಗಿ ಮಂಗಳವಾರ, ಗುರುವಾರ, ಶನಿವಾರ ಮಾವ ಬೆಳಗಿನ ಬಸ್ಸಿಗೆ ಬಂದು, ಡಯಾಲಿಸಿಸ್ ಮುಗಿಸಿ, ನಮ್ಮ ಮನೆಯಲ್ಲಿ ಉಂಡು, ಒಂದು ಗಂಟೆ ಮಲಗಿ, ಸಾಯಂಕಾಲದ ಬಸ್ಸಿಗೆ ಊರಿಗೆ ಹೋಗುವುದು ಅಂತ ಆಯಿತು.

ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ನೀರು. ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಗಟಗಟ ಕುಡಿಯುತ್ತಿದ್ದ ಮನುಷ್ಯನಿಗೆ ದಿನಕ್ಕೆ ಮುಕ್ಕಾಲು ಲೀಟರು ಅಂದರೆ ಹೇಗೆ? ಮಾವ ಒಂದು ಬಾಟಲಿಗೆ ಗೀಟು ಹಾಕಿಕೊಂಡ. ಬೆಳಿಗ್ಗೆ ಎಂಟಕ್ಕೆ ಒಂದು ಗುಟುಕು. ಅದನ್ನು ತಕ್ಷಣ ನುಂಗುತ್ತಿರಲಿಲ್ಲ. ಐದು ನಿಮಿಷ ಬಾಯಲ್ಲೇ ಇಟ್ಟುಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದ. ಅತ್ತೆ ನನ್ನ ಹತ್ತಿರ ಹೇಳಿದರು: "ನಮ್ ಮದ್ವೆ ಆಗಿ ಮೂವತ್ತೊರ್ಷ ಆಯ್ತು ಕಣಮ್ಮಿ. ದಿನಕ್ಕೆ ಐದ್ ನಿಮಿಷ ಬಾಯ್ ಮುಚ್ಕೊಂಡಿರದ ಈವಾಗ ಕಲ್ತವ್ರೆ."

ಡಯಾಲಿಸಿಸ್ ವಾರ್ಡಿನಲ್ಲಿ ಐದು ಹಾಸಿಗೆ. ಮೊದಲು ಅಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಮಾವ ಪಕ್ಕದ ಹಾಸಿಗೆಯ ನಿವೃತ್ತ ಬಸ್ ಡ್ರೈವರಿಗೆ ಯಂತ್ರದ ಒಳಗುಟ್ಟು ವಿವರಿಸಲು ಶುರು ಮಾಡಿದ. ಆ ಡ್ರೈವರು ಪಾಂಡವಪುರದ ಕಡೆಯವರು, ಪೇಟೆಯಲ್ಲಿ ಮಗಳ ಮನೆಯಲ್ಲಿದ್ದರು. "ನೋಡಿ ಡ್ರೈವರಣ್ಣ, ನಮ್ ರಕ್ತ ಈ ಪೈಪಲ್ಲಿ ಓಗಿ, ಈ ಫಿಲ್ಟ್ರಲ್ಲಿ ಸೋಸ್ಕೊಂಡು, ಈ ಕಡೆಯಿಂದ ವಾಪಸ್ ಬತ್ತದೆ. ನಾಕ್ ಗಂಟೆ ಕರೆಂಟು ಓಗಂಗಿಲ್ಲ. ಓದ್ರೂ ಜನರೇಟ್ರು ಅದೆ. ನಮ್ ತೋಟದ್ ಮೋಟ್ರಿಗೆ ಎಲ್ಲದೆ ಈ ಭಾಗ್ಯ?"

ಪಂದ್ಯ ಶುರುವಾದದ್ದು ಇವರಿಬ್ಬರ ನಡುವೆ. ಡಯಾಲಿಸಿಸ್ ಮುಗಿದ ಮೇಲೆ ತೂಕ ನೋಡುತ್ತಾರೆ, ಮುಂದಿನ ಸಲ ಬಂದಾಗ ಮತ್ತೆ ನೋಡುತ್ತಾರೆ. ಏರಿದ ತೂಕವೆಲ್ಲ ಹೆಚ್ಚುಕಮ್ಮಿ ಮೈಯಲ್ಲಿ ನಿಂತ ನೀರು. ಯಾರಿಗೆ ಕಮ್ಮಿ ಏರಿದೆಯೋ ಅವರು ಅವತ್ತು ಗೆದ್ದ ಹಾಗೆ. ಗೆದ್ದವರ ಕೈಗೆ ಟೀವಿ ರಿಮೋಟು. ಡ್ರೈವರಣ್ಣನಿಗೆ ವಾರ್ತೆ ಬೇಕು, ಮಾವನಿಗೆ ಹಳೇ ಸಿನಿಮಾ ಬೇಕು. ತಿಂಗಳೊಳಗೆ ಇಡೀ ವಾರ್ಡು ಪಂದ್ಯಕ್ಕೆ ಇಳಿಯಿತು. ಉಪ್ಪಿನಕಾಯಿ ಬಿಡಿ ಎಂದು ಡಾಕ್ಟರು ವರ್ಷವೆಲ್ಲ ಹೇಳಿದರೂ ಬಿಡದವರು ರಿಮೋಟಿಗಾಗಿ ಬಿಟ್ಟರು.

ಮಾವ ಮೂರು ಸಲ ಸತತ ಸೋತ. ನಾಲ್ಕನೆಯ ಸಲ ಡಯಾಲಿಸಿಸ್ ಮುಗಿದು ತೂಕಕ್ಕೆ ನಿಂತಾಗ, ತೂಕ ಇಳಿಯುವ ಬದಲು ಇನ್ನೂ ಏರಿತ್ತು. ಸಿಸ್ಟರು ತೂಕದ ಯಂತ್ರ ನೋಡಿದರು, ಮಾವನನ್ನು ನೋಡಿದರು, ಷರಟಿನ ಜೇಬಿಗೆ ಕೈ ಹಾಕಿದರು. ಎರಡು ಸ್ಪ್ಯಾನರು ಬಂದವು. ಪಂಚೆಯ ಒಳಗಿನ ಚಡ್ಡಿ ಜೇಬಿನಿಂದ ಒಂದು ಉಂಡೆ ತಾಮ್ರದ ತಂತಿಯನ್ನು ಮಾವನೇ ತೆಗೆದುಕೊಟ್ಟ. ಇವತ್ತು ತೂಕ ಜಾಸ್ತಿ ತೋರಿಸಿದರೆ ಮುಂದಿನ ಸಲ ಏರಿದ್ದು ಕಮ್ಮಿ ಕಾಣುತ್ತದಲ್ಲ, ಅದು ಅವನ ಲೆಕ್ಕಾಚಾರ.

"ಏನ್ರೀ ಇದು?" ಅಂದರು ಸಿಸ್ಟರು.

"ಮೈಯಾಗೆ ಕಬ್ಬಿಣದಂಶ ಕಮ್ಮಿ ಅದೆ ಅಂದಿದ್ರಲ್ಲ ಸಿಸ್ಟರ್. ಅದ್ಕೆ ಇಟ್ಕೊಂಡಿವ್ನಿ."

ಇಡೀ ವಾರ್ಡು ನಕ್ಕಿತು. ಸಿಸ್ಟರು ನಗಲಿಲ್ಲ. ಈ ತೂಕ ನೋಡಿಯೇ ಎಷ್ಟು ನೀರು ತೆಗೆಯಬೇಕೆಂದು ಯಂತ್ರಕ್ಕೆ ಹೇಳುವುದು, ಲೆಕ್ಕ ತಪ್ಪಿದರೆ ಜೀವಕ್ಕೇ ಬರುತ್ತದೆ ಎಂದು ಕೂರಿಸಿ ಬೈದರು. ಮಾವ ತಲೆ ಬಗ್ಗಿಸಿ ಕೇಳಿಸಿಕೊಂಡ, ತಪ್ಪಾಯ್ತು ಅಂದ. ಅಂದಿನಿಂದ ಅವನನ್ನು ತೂಕಕ್ಕೆ ಹತ್ತಿಸುವ ಮುಂಚೆ ಜೇಬು ತಟ್ಟಿ ನೋಡುವ ಜವಾಬ್ದಾರಿ ಡ್ರೈವರಣ್ಣನಿಗೆ ಬಿತ್ತು. ಅವರು ಆ ಕೆಲಸವನ್ನು ಚೆಕಿಂಗ್ ಇನ್ಸ್‌ಪೆಕ್ಟರುಗಳ ಗತ್ತಿನಲ್ಲೇ ಮಾಡುತ್ತಿದ್ದರು.

ವಾರ್ಡಿನಲ್ಲಿ ಪಂದ್ಯಕ್ಕೆ ಇಳಿಯದವಳು ಒಬ್ಬಳೇ. ಕಿಕ್ಕೇರಿ ಕಡೆಯ ಒಂದು ಹಳ್ಳಿಯ ಹುಡುಗಿ. ಹುಡುಗಿ ಅನ್ನುವುದು ನನ್ನ ಮಾತು, ಮೂವತ್ತು ಆಗಿತ್ತು, ಒಂದನೇ ಕ್ಲಾಸಿನಲ್ಲಿ ಓದುವ ಮಗಳಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಂಡು ಇದ್ದಳು. ಕಿಡ್ನಿ ಹೋದ ಮೇಲೆ ಹೊಲಿಗೆಯನ್ನೂ ಬಿಟ್ಟಿದ್ದಳು. ಅವಳಣ್ಣ ಬೈಕಿನಲ್ಲಿ ತಂದು ಬಿಡುತ್ತಿದ್ದ. ಅವಳು ಬಂದು, ಕೈಗೆ ಸೂಜಿ ಹಾಕಿಸಿಕೊಂಡು, ಸೆರಗನ್ನು ಮುಖದ ಮೇಲೆಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದರೆ ಮುಗಿಯಿತು. ನಾಲ್ಕು ಗಂಟೆ ಒಂದು ಮಾತಿಲ್ಲ.

ಮಾವನಿಗೆ ಇದು ತಡೆಯಲಿಲ್ಲ. ತನ್ನಲ್ಲಿದ್ದ ಹಾಸ್ಯವನ್ನೆಲ್ಲ ಪ್ರಯೋಗಿಸಿದ. ಮೋಟರಿನ ಕತೆ ಹೇಳಿದ. ತನ್ನ ಮದುವೆಯಲ್ಲಿ ವಾಲಗದವರು ದಾರಿ ತಪ್ಪಿ ಪಕ್ಕದೂರಿನ ಮದುವೆಗೆ ಹೋಗಿ ಊದಿ, ಉಂಡು ಬಂದ ಕತೆ ಹೇಳಿದ. ಸೆರಗು ಅಲ್ಲಾಡಲಿಲ್ಲ. ನಮ್ಮ ಮನೆಗೆ ಬಂದು ಉಣ್ಣುತ್ತಾ, "ಅವಳು ನಗ್ದೆ ಓದ್ರೆ ಓಗ್ಲಿ ಕಣ್ಮಗ, ಒಂದ್ ಸಲ ಬೈದ್ರೂ ಸಾಕಿತ್ತು" ಅಂದ.

ಒಂದು ಗುರುವಾರ ಅವಳು ಬರಲಿಲ್ಲ. ಶನಿವಾರವೂ ಬರಲಿಲ್ಲ. ಸಿಸ್ಟರು ಫೋನು ಮಾಡಿದರೆ ಅವಳಣ್ಣ ಅಳುತ್ತಿದ್ದನಂತೆ. "ಸಾಕು, ನನ್ನ ಬುಟ್ಬುಡಿ ಅಂತಾವ್ಳೆ ಸಿಸ್ಟರ್. ಎತ್ಕೊಂಡ್ ಬರಕ್ಕೋದ್ರೆ ಕಂಬ ತಬ್ಕೊತಾಳೆ. ನಾನೇನ್ ಮಾಡ್ಲಿ?" ಅಂದನಂತೆ. ಎರಡು ಸಲ ತಪ್ಪಿದೆ, ಮೂರನೆಯದೂ ತಪ್ಪಿದರೆ ಕಷ್ಟ ಎಂದು ಸಿಸ್ಟರು ತಮ್ಮಷ್ಟಕ್ಕೆ ಅಂದುಕೊಂಡದ್ದು ಮಾವನ ಕಿವಿಗೆ ಬಿತ್ತು.

ಶನಿವಾರ ನನಗೆ ಬೆಳಗಿನ ಶಾಲೆ. ಮನೆಗೆ ಬಂದು ಬೀಗ ತೆಗೆಯುತ್ತಿದ್ದೆ. ಮಾವ ಬಾಗಿಲಲ್ಲೇ ನಿಂತು, "ಗಾಡಿ ತೆಗಿ ಮಗ, ಕಿಕ್ಕೇರಿ ಕಡೆ ಓಗ್ಬೇಕು" ಅಂದ. ಡಯಾಲಿಸಿಸ್ ಆದ ದಿನ ಅವನಿಗೆ ನಾಲ್ಕು ಹೆಜ್ಜೆ ಇಟ್ಟರೆ ಸುಸ್ತು. ಕೈಗೆ ಪಟ್ಟಿ ಕಟ್ಟಿದ್ದು ಹಾಗೇ ಇತ್ತು.

"ಮಾವ, ದಾರೀಲಿ ತಲೆ ಸುತ್ತಿದ್ರೆ?"

"ನಿನ್ ಬೆನ್ನಿಗೆ ಒರಗ್ತೀನಿ. ಈ ಬೆನ್ನನ್ನ ಎತ್ಕೊಂಡು ಊರೆಲ್ಲ ತಿರುಗ್ಸಿವ್ನಿ, ಇವತ್ತೊಂದಿನ ಅದು ನನ್ನ ಒರಗುಸ್ಕೊಳ್ಳಲಿ."

"ಹೋಗಿ ಏನ್ ಹೇಳ್ತೀಯ ಅವಳಿಗೆ?"

"ಗೊತ್ತಿಲ್ಲ" ಅಂದ. ಸ್ಕೂಟರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ, "ಬುದ್ಧಿ ಯೋಳಕ್ಕಂತೂ ಓಯ್ತಿಲ್ಲ" ಅಂದ. ಅದಾದ ಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾವ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅವತ್ತೇ. ನನಗೆ ಭಯವಾಯಿತು.

ಅವಳು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ, ಪಾದ ಬಾತುಕೊಂಡಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವಳಮ್ಮ ಹೇಳಿದರು. ಮಗಳು ಅವಳ ಪಕ್ಕದಲ್ಲೇ ಕೂತು ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದಳು. ನಮ್ಮನ್ನು ನೋಡಿದ ತಕ್ಷಣ ಅವಳು ಸೆರಗೆಳೆದುಕೊಂಡಳು.

ಮಾವ ಅವಳೆದುರು ನೆಲದ ಮೇಲೆ ಕೂತ. ಹೇಗಿದ್ದೀಯ ಅನ್ನಲಿಲ್ಲ, ಯಾಕೆ ಬರಲಿಲ್ಲ ಅನ್ನಲಿಲ್ಲ. ಪಟ್ಟಿ ಕಟ್ಟಿದ ಎಡಗೈಯನ್ನು ಅವಳ ಮುಂದೆ ಚಾಚಿದ.

"ನೋಡವ್ವ, ವಾರಕ್ಕೆ ಮೂರ್ ಸಲ ಈ ತೋಳು ಮಡಸೀ ಮಡಸೀ ರಟ್ಟೆ ಬಿಗಿತದೆ. ಬಿಗಿಬಾರ್ದು ಅಂತಾರೆ ಸಿಸ್ಟರ್ರು. ಷರ್ಟು ಬಿಚ್ಚಾಕಿ ಮಲಿಕಂಡ್ರೆ ಚಳಿ. ಈ ತೋಳಿಗೆ ಒಂದ್ ಬಾಗ್ಲು ಇಡಕ್ಕಾಯ್ತದಾ? ಬೇಕಾದಾಗ ತೆಗ್ದು, ಬ್ಯಾಡ್ದಾಗ ಮುಚ್ಚಂಗೆ?"

ಸೆರಗಿನ ಒಳಗಿನಿಂದ ಅವಳ ಏದುಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಸೆರಗು ಸ್ವಲ್ಪ ಸರಿಯಿತು. ಕೈ ಮುಂದೆ ಬಂತು. ಷರಟಿನ ತೋಳನ್ನು ಹಿಡಿದು, ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿದಳು.

"ಯಾರು ಒಲ್ದಿದ್ದು ಇದ್ನ?" ಅಂದಳು.

ಪೇಟೆಯ ಯಾವನೋ ಟೈಲರು ಅಂದ ಮಾವ.

"ಬಟ್ಟೆಗೆ ಅನ್ಯಾಯ ಮಾಡವ್ನೆ. ತೋಳಿನ ಜಾಯಿಂಟು ನೋಡಿ, ಎಂಗೆ ಎಳೀತದೆ." ಮತ್ತೆ ಉಸಿರೆಳೆದುಕೊಂಡು, "ಪ್ರೆಸ್ ಬಟನ್ ಹಾಕಿದ್ರೆ ಆಯ್ತದೆ. ಅಳ್ತೆ ಬೇಕು" ಅಂದಳು. ಮಗಳನ್ನು ನೋಡಿ, "ಟೇಪು ತತ್ತಾ" ಅಂದಳು.

ಮಾವ ಕೈ ಹಿಂದಕ್ಕೆ ಎಳೆದುಕೊಂಡ. "ಇಲ್ಲಿ ತಗಂಡ್ರೆ ಆಗಕ್ಕಿಲ್ಲ ಕಣವ್ವ. ಸೂಜಿ ಹಾಕಿ, ಪೈಪು ಕೂಡ್ಸಿದಾಗ ಕೈ ಎಂಗಿರ್ತದೆ, ಅದ್ನ ನೋಡಿ ತಗೊಬೇಕು. ಮಂಗಳವಾರದ ಗಂಟ ನಂಗೆ ತಡಿಯಕ್ಕಿಲ್ಲ. ಇವತ್ತೇ ನಿನ್ ಕೈಗೆ ಆಕುಸ್ಕೊ, ನಿನ್ ಕೈ ಅಳ್ತೇನೆ ನನ್ಗೂ ಆಯ್ತದೆ."

ಅವಳ ಕೈ ಕಡ್ಡಿಯ ಹಾಗಿತ್ತು. ಮಾವನದು ಅದರ ಎರಡರಷ್ಟು ದಪ್ಪ. ಇದು ಯಾವ ಅಳತೆ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಅವನ ಮುಖವನ್ನೇ ನೋಡುತ್ತಾ ಕೂತವಳು, ಕೊನೆಗೆ ಅಣ್ಣನ ಕಡೆ ತಿರುಗಿ, "ಗಾಡಿ ತಗಿಯಣ್ಣ" ಅಂದಳು. ಬೈಕು ಬೇಡವೆಂದು ಅವನು ಪಕ್ಕದ ಮನೆಯವರ ಆಟೋ ತಂದ. ನಾನು ಅಲ್ಲಿಂದಲೇ ಫೋನು ಮಾಡಿದ್ದರಿಂದ ಸಿಸ್ಟರು ಒಂದು ಯಂತ್ರವನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಬೈದುಕೊಂಡೇ ಸೂಜಿ ಹಾಕಿದರು. ಸಾಯಂಕಾಲದ ಹೊತ್ತಿಗೆ ಅವಳ ಉಸಿರು ನೆಟ್ಟಗಾಗಿತ್ತು.

ಹದಿನೈದು ದಿನಕ್ಕೆ ಷರಟು ಬಂತು. ಎಡತೋಳಿನಲ್ಲಿ ಭುಜದಿಂದ ಮುಂಗೈವರೆಗೆ ಬಾಗಿಲು, ಸಾಲಾಗಿ ಪ್ರೆಸ್ ಬಟನ್ನು. ಮಾವ ಅದನ್ನು ಹಾಕಿಕೊಂಡು, ವಾರ್ಡಿನಲ್ಲಿ ಎಲ್ಲರೆದುರು ಟಪಟಪ ತೆಗೆದು ತೋರಿಸಿದ. ಡ್ರೈವರಣ್ಣ ತಮಗೆ ಖಾಕಿ ಬಟ್ಟೆಯಲ್ಲೇ ಬೇಕು ಅಂದರು. ಆಮೇಲೆ ಮಾವ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಲು ಹೋದ. ಕೈ ಒಳಗೆ ಹೋಗಲಿಲ್ಲ. ಜೇಬಿನ ಬಾಯಿಯನ್ನು ಎರಡು ಸುತ್ತು ಒತ್ತಾಗಿ ಹೊಲಿದಿತ್ತು.

"ಇದ್ಯಾಕವ್ವ, ಜೇಬು ಮುಚ್ಬುಟ್ಟಿದ್ದೀಯ?"

ಗೋಡೆಯ ಕಡೆಯಿಂದ ಉತ್ತರ ಬಂತು. "ಸ್ಪ್ಯಾನರ್ ಇಟ್ಕಂಡ್ರೆ ಅಂತ."

ಅಂದರೆ ಆ ಸೆರಗಿನ ಒಳಗಿನಿಂದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಡ್ರೈವರಣ್ಣ ನಕ್ಕ ರಭಸಕ್ಕೆ ಅವರ ಯಂತ್ರ ಕುಂಯ್ ಎಂದು ಅಲಾರಂ ಹೊಡೆದು, ಸಿಸ್ಟರು ಓಡಿಬಂದರು.

ಅವತ್ತು ಮಾವ ನಮ್ಮ ಮನೆಯಲ್ಲಿ ಉಂಡು ಮಂಚದ ಮೇಲೆ ಉರುಳಿಕೊಂಡಿದ್ದ. ನಾನು ಕೇಳಿದೆ: "ಅಲ್ಲ ಮಾವ, ಅವಳು ಅಷ್ಟು ಹಟ ಹಿಡಿದಿದ್ದಾಗ ಅಂಗಿಯ ಮಾತು ಎತ್ತಬೇಕು ಅಂತ ನಿನಗೆ ಹೇಗೆ ಹೊಳೀತು?"

ಮಾವ ಅಂಗಾತ ಹೊರಳಿ ಸೂರು ನೋಡಿದ.

"ನಂಗೆಲ್ಲಿ ಒಳೀತದೆ. ನಿಮ್ಮತ್ತೆ ಮಾಡಿದ್ದು ಅದು" ಅಂದ. "ಮೊದಲ್ನೇ ತಿಂಗಳು ನಾನೂ ಬಸ್ ಸ್ಟಾಪ್ ಗಂಟ ಬಂದು ಅಲ್ಲೇ ಕುಂತ್ಕಬುಡ್ತಿದ್ದೆ ಕಣ್ಮಗ. ಬಸ್ ಬರದು, ಓಗದು. ನಾನು ಅತ್ತುತಿರ್ಲಿಲ್ಲ. ಇದೇನ್ ಬದ್ಕು ಅನ್ನುಸ್ಬುಟ್ಟಿತ್ತು. ಎರಡ್ ಸಲ ಅಂಗೇ ಮಾಡ್ದೆ. ನಿಂಗೆ ಫೋನ್ ಮಾಡಿ ಒಸಿ ಕೆಲ್ಸ ಅದೆ, ಇವತ್ತು ಬರಾಕಿಲ್ಲ ಅಂದಿದ್ದೆ, ಗ್ಯಾಪ್ಕ ಅದಾ?"

ನನಗೆ ಜ್ಞಾಪಕವಿತ್ತು. ನಾನು ಅದನ್ನು ನಂಬಿಯೂ ಇದ್ದೆ.

"ಮೂರನೇ ಸಲ ಕುಂತಿದ್ದಾಗ ನಿಮ್ಮತ್ತೆ ಬಂದ್ಳು. ಯಾರ್ ಯೋಳುದ್ರೋ ಏನೋ. ಪಕ್ಕದಲ್ಲಿ ಕುಂತ್ಕಂಡು, ನನ್ ಬಳೆ ಎಲ್ಲಾ ಒಡ್ದೋಗವೆ, ಪ್ಯಾಟೆಗೆ ಕರ್ಕೊಂಡೋಗಿ ಬಳೆ ತೊಡ್ಸುಸ್ರಿ ಅಂದ್ಳು. ಆಸ್ಪತ್ರೆ ಅಂತ ಬಾಯ್ ಬುಡ್ಲಿಲ್ಲ. ಸರಿ ಅಂತ ಬಸ್ ಅತ್ತುದ್ವಿ. ಬಂದೋರು ಅಂಗೇ ಆಸ್ಪತ್ರೆಗೂ ಓದ್ವಿ. ಅದ್ರ ಮುಂದಿನ ಸಲಾನೂ ಬಂದ್ಳು. ಇನ್ನೊಂದ್ ಬಣ್ಣದ್ದು ಬೇಕಂತೆ. ಅದ್ರ ಮುಂದಿನ ಸಲ ಹಸಿರು ಗಾಜಿಂದು. ಎರಡ್ ತಿಂಗಳು ಬಳೆ ತೊಡ್ಸಿವ್ನಿ ಕಣ್ಮಗ ನಾನು. ಮೊಣಕೈ ಗಂಟ ಬಂದ್ಬುಟ್ಟವೆ. ರಾಗಿ ಮುದ್ದೆ ಕಟ್ಟಕ್ಕೆ ಆಗ್ತಿಲ್ಲ ಅಂತ ಬೈಕತಾಳೆ, ಒಂದ್ನೂ ಬಿಚ್ಚಾಕಿಲ್ಲ."

ಹೇಳಿ ಮುಗಿಸಿ ಮಗ್ಗುಲು ಬದಲಾಯಿಸಿ ನಿದ್ದೆಹೋದ. ಹೊಸ ಷರಟಿನ ಎಡತೋಳು ತೆರೆದೇ ಇತ್ತು. ನಾನು ಒಂದೊಂದೇ ಬಟನ್ನು ಒತ್ತಿ ಮುಚ್ಚಿದೆ.

ಸಾಯಂಕಾಲ ಅವನನ್ನು ಬಸ್ಸಿಗೆ ಹತ್ತಿಸಿ, ಬಸ್ಸು ಹೊರಟ ಮೇಲೆ ಅತ್ತೆಗೆ ಫೋನು ಮಾಡಿದೆ. "ಮಾವ ಹತ್ತಿದ್ರು ಅತ್ತೆ" ಅಂದೆ. ಅವರು "ಸರಿ ಕಣವ್ವ" ಅಂದರು. ಅದಕ್ಕಿಂತ ಮೊದಲು, ಅವರು ಫೋನನ್ನು ಕಿವಿಗೆ ಎತ್ತಿಕೊಂಡಾಗ, ಮೊಣಕೈವರೆಗಿನ ಅಷ್ಟೂ ಬಳೆ ಗಲಗಲ ಅಂದ ಸದ್ದು ನನಗೆ ಕೇಳಿಸಿತು.