ಶ್ಯಾಮ್ ಬರೆದ ಮೂರನೆಯ ನಿಯಮ

ಚುನಾವಣೆಯ ದಿನವೇ ಶ್ಯಾಮ್ ಅವರ ಗಾಳಕ್ಕೆ ಎಂಟು ಪೌಂಡಿನ ಕಾರ್ಪ್ ಮೀನು ಬೀಳಬೇಕೇ!

ಹಿಡಿದು, ಫೋಟೊ ತೆಗೆದು, ನೀರಿಗೇ ಬಿಡುವ ಸಸ್ಯಾಹಾರಿ ಬೇಟೆ ಅವರದು. ಆದರೆ ಪ್ಲೇನ್‌ಫೀಲ್ಡ್‌ನ ಅವರ ಬಡಾವಣೆಯ ಕೊಳದ ದಡದಲ್ಲೊಂದು ಬೋರ್ಡಿತ್ತು. ಕೆಸರು ಕಲಕುವ ಕಾರ್ಪನ್ನು ಮತ್ತೆ ನೀರಿಗೆ ಬಿಡಕೂಡದು. ದಡದಲ್ಲಿ ಎಸೆದು ಹೋಗಕೂಡದು. ಬಿಟ್ಟವರು ತಾವೇ ಮತ್ತೆ ಹಿಡಿದು ವಿಲೇವಾರಿ ಮಾಡಬೇಕು. ಮೂರೂ ನಿಯಮ ಶ್ಯಾಮ್ ಬರೆದದ್ದೇ. ಸಂಜೆ ಆರಕ್ಕೆ ನಡೆಯಲಿದ್ದ ನಿವಾಸಿಗಳ ಸಂಘದ ಚುನಾವಣೆಯಲ್ಲಿ ಅಧ್ಯಕ್ಷಗಿರಿಗೆ ನಿಂತವರೂ ಅವರೇ.

ಟೈಪ್ ಮಾಡುವಾಗ ‘ವಿಲೇವಾರಿ’ ಎಷ್ಟು ಶುಭ್ರವಾಗಿತ್ತು! ಈಗ ಅದು ಬಾಯಿ ತೆರೆದು ಮುಚ್ಚಿ ಅವರನ್ನೇ ನೋಡುತ್ತಿತ್ತು. ಕೊಲ್ಲಲು ಕೈ ಬರಲಿಲ್ಲ. ನಿಯಮ ಮುರಿಯಲು ಮನಸ್ಸು ಬರಲಿಲ್ಲ. ಮನೆಯಿಂದ ಚಕ್ರದ ಕೂಲರ್ ಪೆಟ್ಟಿಗೆ ತಂದು, ನೀರು ತುಂಬಿ ಮೀನನ್ನು ಇಳಿಸಿದರು.

ಹೆಂಡತಿ ಪದ್ಮ ಗರಾಜಿನಲ್ಲೇ ಅಡ್ಡ ನಿಂತರು.

“ರೀ, ಅದು ಕನ್ನಡ ಕೂಟಕ್ಕೆ ಮಜ್ಜಿಗೆ ತಗೊಂಡು ಹೋಗೋ ಕೂಲರ್! ಒಳಗೆ ತಂದ್ರೆ ನೋಡಿ!”

“ಕಸದ ಡಬ್ಬಿಗೆ...”

“ಕಸದ ಗಾಡಿ ಬರೋದು ಗುರುವಾರ. ಇವತ್ತು ಶನಿವಾರ, ತೊಂಬತ್ತೆರಡು ಡಿಗ್ರಿ ಸೆಕೆ, ನಾರುತ್ತೆ!”

ಶ್ಯಾಮ್ ಛಲ ಬಿಡದೆ ಪಕ್ಕದ ಮನೆಯ ಮಂಗಳೂರಿನ ಸುರೇಶರ ಬಾಗಿಲು ತಟ್ಟಿದರು. ಮೀನಿಲ್ಲದೆ ಊಟ ಮಾಡದ ಮನುಷ್ಯ. ಸುರೇಶ್ ಕೂಲರ್ ಒಳಗೆ ಇಣುಕಿ, ಹೆಣ್ಣು ಒಪ್ಪಿಗೆಯಾಗದ ಗಂಡಿನ ಕಡೆಯವರಂತೆ ಹಿಂದೆ ಸರಿದರು.

“ಎಂತ ಮಾರಾಯ್ರೆ, ಬಂಗುಡೆ ತಿಂದ ಬಾಯಿ ಇದು. ಈ ಕೆಸರು ಮೀನಿನ ಮುಳ್ಳು ಯಾರು ಹೆಕ್ಕುದು? ಆಚೆ ಮನೆ ಪ್ರಸಾದನಿಗೆ ಕೊಡಿ. ಟೊಮೆಟೊ ಗಿಡಕ್ಕೆ ಮೀನು ಹೂಳಿದ್ರೆ ಒಳ್ಳೆ ಗೊಬ್ಬರ ಅಂತೆ.”

ಪ್ರಸಾದ್ ಹತ್ತಿರದ ಊರು ಲೊಂಬಾರ್ಡ್‌ಗೆ ಹೋಗಿದ್ದ. ಬಾಗಿಲು ತೆರೆದವರು ಮೈಸೂರಿನಿಂದ ಬಂದಿದ್ದ ಅವನ ತಾಯಿ ಲತಾಶ್ರೀ. ಜೀವಂತ ಮೀನಿನ ಎದುರು ‘ಹೂಳಿ’ ಎನ್ನಲು ಶ್ಯಾಮ್‌ಗೆ ನಾಲಗೆ ಏಳಲಿಲ್ಲ.

“ಆಂಟಿ, ಇದಕ್ಕೊಂದು ವ್ಯವಸ್ಥೆ ಆಗಬೇಕಿತ್ತು...”

“ಅಯ್ಯೋ ಪಾಪ! ಇಟ್ಟು ಹೋಗಪ್ಪ, ನಾನು ನೋಡ್ಕೋತೀನಿ.”

ಶ್ಯಾಮ್ ಹಗುರಾಗಿ ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು ಸಭೆಗೆ ಹೋದರು. ನಿಯಮ ಪಾಲನೆಯ ಬಗ್ಗೆ ಭಾಷಣವನ್ನೂ ಮಾಡಿದರು. ಚಪ್ಪಾಳೆ ಬಿತ್ತು. ಎದುರಾಳಿ ಮಿಸೆಸ್ ಕೊವಾಲ್ಸ್ಕಿ ಎದ್ದು, ತಮ್ಮ ಕಿಟಕಿಯಿಂದ ತೆಗೆದ ಫೋಟೊ ಒಂದನ್ನು ಪರದೆಗೆ ಹಾಕಿದರು.

ಸೀರೆಯುಟ್ಟ ಲತಾಶ್ರೀ ಕೊಳಕ್ಕೆ ಕೂಲರ್ ಬಗ್ಗಿಸುತ್ತಿದ್ದರು. ಕಾರ್ಪ್ ಅರ್ಧ ಗಾಳಿಯಲ್ಲಿ, ಅರ್ಧ ನೀರಿನಲ್ಲಿ. ಕನ್ನಡ ಕೂಟದಲ್ಲಿ ಅದಲುಬದಲಾಗದಿರಲೆಂದು ಪದ್ಮ ಕೂಲರ್ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ಬರೆದಿದ್ದ ‘ಶ್ಯಾಮ್ ಮತ್ತು ಪದ್ಮ’ ಕೊನೆಯ ಸಾಲಿನವರಿಗೂ ಕಾಣುತ್ತಿತ್ತು.

ಬಹುಮತದಿಂದ ಗೆದ್ದ ಮಿಸೆಸ್ ಕೊವಾಲ್ಸ್ಕಿ ತಮ್ಮ ಮೊದಲ ಆದೇಶವಾಗಿ ಮೂರನೆಯ ನಿಯಮವನ್ನು ಓದಿದರು. ಗಟ್ಟಿಯಾಗಿ, ಎರಡು ಸಲ.

ಏಳೂವರೆಯಾದರೂ ಆರದ ಬಿಸಿಲಲ್ಲಿ ಶ್ಯಾಮ್ ಇಸ್ತ್ರಿ ಶರಟಿನಲ್ಲೇ ದಡದಲ್ಲಿ ಕೂತರು. ಅದೇ ಮೀನು ಸಿಗುವವರೆಗೆ ಏಳುವುದಿಲ್ಲವೆಂದು ಹಲ್ಲು ಕಚ್ಚಿ ಗಾಳ ಎಸೆದರು. ಪಕ್ಕದಲ್ಲಿ ಖಾಲಿ ಚೀಲ ಕೊಡವುತ್ತಾ ಲತಾಶ್ರೀ ಬಂದು ನಿಂತರು.

“ಇಷ್ಟೊತ್ತಲ್ಲಿ ಯಾಕಪ್ಪ ಕೂತಿದೀಯ? ಇವತ್ತು ಅದು ಗಾಳಕ್ಕೆ ಬರಲ್ಲ ಬಿಡು. ಬೆಳಗ್ಗಿಂದ ಹಸಿದಿತ್ತಲ್ಲ, ಒಂದು ಚೀಲ ಮಂಡಕ್ಕಿ ಪೂರ್ತಿ ಹಾಕಿದೀನಿ.”