ಹೊಟ್ಟೆ ನೋಡುವ ಮೇಡಂ

ನಮ್ಮ ಮಹಡಿಯ ಬಾಡಿಗೆದಾರರು ಯಾರ ಮುಖವನ್ನೂ ನೋಡುವುದಿಲ್ಲ, ಹೊಟ್ಟೆ ನೋಡುತ್ತಾರೆ! ತಪ್ಪು ತಿಳಿಯಬೇಡಿ. ಆಕೆ ಅಮೆರಿಕದವರು, ಸಂಗೀತದ ಮೇಡಂ. ಉಸಿರು ಹೊಟ್ಟೆಯಿಂದ ಹೊರಡುತ್ತಿದೆಯೋ ಇಲ್ಲವೋ ಎಂಬ ತನಿಖೆ ಅದು.

ಮೊದಲು ತಮ್ಮೂರಲ್ಲಿ ಒಪೆರಾ ಹಾಡುತ್ತಿದ್ದರಂತೆ. ನಾಟಕದ ಮಾತನ್ನೆಲ್ಲ ಹಾಡಿಯೇ ಮುಗಿಸುವುದು, ಅದೂ ಮೈಕಿಲ್ಲದೆ! ಒಮ್ಮೆ ತುಂಬಿದ ಸಭೆಯ ಮುಂದೆ ಮೇಲಿನ ಸ್ವರ ಬರಲೇ ಇಲ್ಲ. ಗಂಟಲಿಗೆ ಆಪರೇಷನ್ ಆಯಿತು. ಅಂದಿನಿಂದ ಹಾಡಿಸುತ್ತಾರೆಯೇ ಹೊರತು ಹಾಡುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಶಾಲೆಯೊಂದಕ್ಕೆ ಪಾಠ ಹೇಳಲು ಬಂದು, ವರ್ತೂರಿನ ನಮ್ಮ ಮನೆ ಸೇರಿದರು. ಇಷ್ಟನ್ನೂ ನಾನು ಬಟ್ಟೆ ಒಣಹಾಕುವಾಗ ಹರಕುಮುರುಕು ಕನ್ನಡದಲ್ಲಿ ಹೇಳಿದರು, ತಾರಸಿಯ ಉದ್ದಕ್ಕೂ ನಡೆಯುತ್ತಲೇ. ಮೂರು ವರ್ಷದಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ!

ಒಂದು ದಿನ ನನ್ನ ಎರಡು ಕೆಜಿ ತೊಗರಿಬೇಳೆ ಕಾಣೆಯಾಯಿತು. ಹುಡುಕುತ್ತಾ ಮೇಲೆ ಹೋದರೆ, ಶಿಷ್ಯೆಯೊಬ್ಬಳು ಚಾಪೆಯ ಮೇಲೆ ಮಲಗಿ ‘ಆ’ ಎನ್ನುತ್ತಿದ್ದಾಳೆ. ಅವಳ ಹೊಟ್ಟೆಯ ಮೇಲೆ ನನ್ನ ಬೇಳೆ ಚೀಲ ಏರುತ್ತಿದೆ, ಇಳಿಯುತ್ತಿದೆ. ಅವತ್ತು ಸಾರು ತಡವಾಯಿತು.

ನೀರಿನ ಟ್ಯಾಂಕರಿನವನನ್ನೂ ಬಿಡಲಿಲ್ಲ. ಈಗ ಅವನು, “ಅಕ್ಕಾ, ಮೇಡಂ ಹೇಳ್ಕೊಟ್ಮೇಲೆ ಹಾರ್ನ್ ಹೊಡೆಯೋದೇ ಬಿಟ್ಬಿಟ್ಟೆ!” ಎನ್ನುತ್ತಾನೆ. ಅವನು “ನೀರೂ” ಎಂದರೆ ಪಕ್ಕದ ಲೇಔಟಿನವರೂ ಸಂಪಿನ ಮುಚ್ಚಳ ತೆಗೆಯುತ್ತಾರೆ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಮೇಡಂ ಅವರನ್ನೂ ಕರೆದೆ. “ಒಂದು ಹಾಡು ಹೇಳ್ರೀ” ಎಂದು ಎದುರುಮನೆ ಸರೋಜಮ್ಮನನ್ನು ಕೇಳಿದೆ.

“ಅಯ್ಯೋ, ಗಂಟಲು ಸರಿ ಇಲ್ಲ ಕಣ್ರೀ!”

ನಮಗೆಲ್ಲ ಗೊತ್ತು, ಮೂರು ಸಲ ಬಲವಂತ ಮಾಡಬೇಕು. ಮೇಡಂಗೆ ಗೊತ್ತಾಗಬೇಕಲ್ಲ! ಗಾಬರಿಯಿಂದ ಮಹಡಿಗೆ ಓಡಿ ಟಾರ್ಚು ತಂದರು. “ಬಾಯಿ ತೆಗೀರಿ!” ಸರೋಜಮ್ಮನ ಬಾಯಲ್ಲಿ ಕಂಡದ್ದು ನನ್ನ ಕೋಸಂಬರಿ ಮಾತ್ರ.

ಬಾಯಲ್ಲಿದ್ದುದನ್ನು ನುಂಗಿ ಸರೋಜಮ್ಮ ಸೇಡು ತೀರಿಸಿಕೊಂಡರು. “ಹಂಗಾದ್ರೆ ನೀವೇ ಹಾಡಿ ಮೇಡಂ!”

“ಗಂಟಲು ಸರಿ ಇಲ್ಲ” ಎಂದರು ಮೇಡಂ.

“ನೋಡ್ರೀ, ಕಲ್ತೇಬಿಟ್ರು!” ಎಂದು ಎಲ್ಲರೂ ನಕ್ಕರು. ಎರಡನೆಯ ಸಲ ಬಲವಂತ ಮಾಡಿದರು. ಮೂರನೆಯ ಸಲವೂ ಮಾಡಿದರು.

ಮೇಡಂ ಕೂತುಬಿಟ್ಟರು! ನಾನು ಅವರ ಹೊಟ್ಟೆ ನೋಡಿದೆ. ಉಸಿರಾಡುತ್ತಿರಲಿಲ್ಲ.

ಜನ್ಮದಲ್ಲಿ ಯಾರೂ ಕೇಳದೆ ಹಾಡಿದವಳಲ್ಲ ನಾನು. ತಟ್ಟೆ ಕೆಳಗಿಟ್ಟು, ಅವರ ಪಕ್ಕ ಕೂತು, ಅಮ್ಮ ಹೇಳುತ್ತಿದ್ದ ಆರತಿ ಹಾಡು ಎತ್ತಿಕೊಂಡೆ. ಶ್ರುತಿಯೇ? ಆ ಮಾತು ಬಿಡಿ! ಎರಡನೆಯ ಸಾಲಿಗೆ ಪಕ್ಕದಿಂದ ಒಂದು ತಗ್ಗಿದ, ಒರಟು ದನಿ ಸೇರಿಕೊಂಡಿತು. ಪದಗಳಿಲ್ಲ, ಬರೀ ‘ಆ’.

ನಾನು ಮುಖ ನೋಡಲಿಲ್ಲ. ಹೊಟ್ಟೆ ನೋಡಿದೆ. ಏರುತ್ತಿತ್ತು, ಇಳಿಯುತ್ತಿತ್ತು.