ಒಂದು ಹೆಜ್ಜೆ ಸಾಲದು

ನಮ್ಮ ಸೋದರಮಾವನ ಮುಂದೆ ಯಾವ ಮಾತನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ. "ಹೊನ್ನವಳ್ಳಿ ಬಸ್ಸು ದಿನಾ ಲೇಟು" ಅಂದರೆ ಸಾಕು, "ದಿನಾ ನೋಡಿದ್ದೀಯೇನ್ಲಾ?" ಅಂತ ಹಿಡಿದುಕೊಳ್ಳುತ್ತಾರೆ. ನಾನು ನೋಡಿದ್ದು ಎರಡೇ ದಿನ. ಅಲ್ಲಿಗೆ ನನ್ನ ಬಾಯಿ ಬಂದ್!

ಕೊಬ್ಬರಿ ವಿಷಯದಲ್ಲಂತೂ ಕೇಳಲೇಬೇಡಿ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ ಕೊಬ್ಬರಿಯಾಗಿದೆ ಅಂತ ಲೆಕ್ಕ. ಬೇರೆಯವರು ನಾಲ್ಕು ಕಾಯಿ ಅಲ್ಲಾಡಿಸಿ ಸುಲಿಯಲು ಆಳು ಕರೆಯುತ್ತಾರೆ. ಮಾವ ಇಡೀ ಅಟ್ಟವನ್ನೇ ಅಲ್ಲಾಡಿಸುತ್ತಾರೆ! "ಪಕ್ಕದ ಕಾಯಿ ಒಣಗಿದ್ರೆ ಇದೂ ಒಣಗಿರಬೇಕು ಅಂತ ರೂಲ್ಸ್ ಐತಾ?" ಅನ್ನುತ್ತಾರೆ. ಅತ್ತೆ ಕೆಳಗಿನಿಂದ ಊಟಕ್ಕೆ ಕರೆದು ಕರೆದು ಸಾಕಾಗಿ ತಾವೇ ಉಂಡು ಮಲಗುತ್ತಾರೆ.

ಇಂಥವರ ಜೊತೆ ಹೋದ ತಿಂಗಳು ತೋಟಕ್ಕೆ ಹೋದೆ. ಸುತ್ತಲ ಊರುಗಳಲ್ಲೆಲ್ಲ ಚಿರತೆ ಸುದ್ದಿ. ಅತ್ತೆ ಮಾತ್ರ ಯಾವುದಕ್ಕೂ ಜಗ್ಗದೆ, ಆಗಲೇ ತೋಟದ ಆಚೆ ಅಂಚಿಗೆ ಹುಲ್ಲು ಕೊಯ್ಯಲು ಹೋಗಿದ್ದರು. ಬೋರ್‌ವೆಲ್ ಪಕ್ಕದ ಕೆಸರಿನಲ್ಲಿ ನೋಡುತ್ತೇನೆ, ಅಂಗೈಯಗಲದ ಹೆಜ್ಜೆ!

"ಮಾವ, ಚಿರತೆ! ಎಲ್ಲರೂ ಮನೆಗೆ ಹೋಗಾನ."

ಮಾವ ಬಗ್ಗಿ ನೋಡಿದರು. "ಉಗುರಿನ ಗುರುತಿಲ್ಲ. ನಾಯಿಯಾದ್ರೆ ಉಗುರು ಮೂಡ್ತದೆ. ಆದ್ರೂ ಒಂದು ಹೆಜ್ಜೆ ನೋಡಿ ಹೇಳಕಾಗಲ್ಲ ಕಣ್ಲಾ. ಬಾ, ಇನ್ನೂ ಹುಡುಕಾನ."

ಹುಡುಕುವುದೇ! ಚಿರತೆಯ ಹಿಂದೆ ನಾವೇ ಹೋಗುವುದೇ! ಒಬ್ಬನೇ ವಾಪಸು ಹೋಗಲೂ ಧೈರ್ಯವಿಲ್ಲದೆ ಅವರ ಬೆನ್ನಿಗಂಟಿಕೊಂಡು ನಡೆದೆ. ಹಿಂದೆ ದೊಪ್ಪನೆ ಸದ್ದಾಯಿತು. ಮಾವನ ಅಂಗಿ ಹಿಡಿದು ಕಿರುಚಿದೆ.

"ತೆಂಗಿನ ಗರಿ ಬಿತ್ತು ಕಣ್ಲಾ, ಬುಡು ಅಂಗಿ!"

ಮುಂದೆ ಇನ್ನೆರಡು ಹೆಜ್ಜೆ ಸಿಕ್ಕವು. ಅಲ್ಲೂ ಉಗುರಿಲ್ಲ. "ಇಲ್ಲಿ ನೆಲ ಗಟ್ಟಿ, ನಾಯಿ ಉಗುರೂ ಮೂಡಲ್ಲ" ಅಂದರು ಆ ಪುಣ್ಯಾತ್ಮರು! ಹೆಜ್ಜೆಗಳು ತೋಟದ ಆಚೆ ಅಂಚಿನ ಕಡೆಗೆ ತಿರುಗಿದ್ದವು.

ಮಾವ ನಿಂತುಬಿಟ್ಟರು. ಅತ್ತೆಗೆ ಫೋನ್ ಮಾಡಿದರು. ರಿಂಗಾಯಿತು, ಅತ್ತೆ ಎತ್ತಲಿಲ್ಲ.

"ಚಿರತೆ ಕಣ್ಲಾ!" ಎಂದು ಕೂಗಿ, ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದರು. ನಾನೂ ಹಿಂದೆಯೇ ಓಡಿದೆ. ಬದುವಿನ ಮೇಲೆ ಅತ್ತೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ನಿಧಾನವಾಗಿ ಬರುತ್ತಿದ್ದರು. "ಫೋನ್ ಯಾಕೇ ಎತ್ತಲಿಲ್ಲ?" ಅಂತ ಮಾವ ದೂರದಿಂದಲೇ ಕೂಗಿದರು.

"ಏನ್ರೀ ಆಯ್ತು? ಫೋನು ಮನೇಲಿ ಚಾರ್ಜಿಗೆ ಹಾಕಿ ಬಂದೆ."

ಮಾವ ಹೊರೆ ಇಳಿಸಿದರು. ಅತ್ತೆಯ ಕೈ ನೋಡಿದರು, ಕತ್ತು ನೋಡಿದರು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅಟ್ಟದ ಕಾಯಿಗಳನ್ನು ನೋಡುವ ಹಾಗೆ ಒಂದನ್ನೂ ಬಿಡಲಿಲ್ಲ. ಅದನ್ನು ನೋಡಿ ನನ್ನ ಹೆದರಿಕೆ ಮರೆತೇಹೋಯಿತು.

"ಒಂದು ಸಲ ಫೋನ್ ಎತ್ತಲಿಲ್ಲ ಅಂತ ಹಿಂಗಾ? ಏನೇ ಆದ್ರೂ ಹತ್ತು ಸಲ ನೋಡೋ ಮನುಷ್ಯ ನೀವು!" ಅತ್ತೆ ನಕ್ಕರು.

ಮಾವ ಹೊರೆಯನ್ನು ತಮ್ಮ ತಲೆಗೇರಿಸಿಕೊಂಡು, ಒಂದು ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡರು.

"ನಿನ್ನ ವಿಷ್ಯಕ್ಕೆ ಒಂದೇ ಸಾಕು ಕಣೇ."